ಬಿಲ್ ಕೇಳಲು ದಾಕ್ಷಿಣ್ಯ ಬೇಡ: ಶಿವಮೊಗ್ಗ–ಭದ್ರಾವತಿಯ ಗ್ರಾಹಕರಿಗೊಂದು ಕೈಪಿಡಿ

ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಮಿಕ್ಸಿಯ ಚೌಕಾಶಿ ಮುಗಿದು ದುಡ್ಡು ಎಣಿಸುವ ಹೊತ್ತಿಗೆ ಆ ಪ್ರಶ್ನೆ ಬರುತ್ತದೆ: "ಬಿಲ್ ಬೇಕಾ ಅಕ್ಕ? ಬಿಲ್ ಹಾಕಿದ್ರೆ ಟ್ಯಾಕ್ಸ್ ಸೇರುತ್ತೆ ನೋಡಿ." ಭದ್ರಾವತಿಯ ಹಳೇನಗರದಲ್ಲೂ ಇದೇ ಪ್ರಶ್ನೆ, ದುರ್ಗಿಗುಡಿಯಲ್ಲೂ ಇದೇ ಪ್ರಶ್ನೆ. ನಮ್ಮದು ಮುಖಪರಿಚಯದ ಊರು. ಅಂಗಡಿಯವರು ಅಪ್ಪನ ಕಾಲದಿಂದ ಗೊತ್ತಿದ್ದವರು, ಇಲ್ಲವೇ ಬೀದಿಯಲ್ಲಿ ದಿನಾ ಸಿಗುವವರು. "ಬಿಲ್ ಯಾಕೆ ಬಿಡಿ, ಏನಾದ್ರೂ ಆದ್ರೆ ನೀವಿದ್ದೀರಲ್ಲ" ಎಂದು ನಾವೇ ಹೇಳಿ ಹೊರಡುತ್ತೇವೆ. ಆರು ತಿಂಗಳಿಗೆ ಮೋಟರ್ ಸುಟ್ಟಾಗ ಅಂಗಡಿಯವರು ಸರ್ವಿಸ್ ಸೆಂಟರಿನ ಕಡೆ ಕೈ ತೋರಿಸುತ್ತಾರೆ, ಸರ್ವಿಸ್ ಸೆಂಟರಿನವರು "ಬಿಲ್ ತನ್ನಿ" ಎನ್ನುತ್ತಾರೆ. ಅಲ್ಲಿಗೆ ವಾರಂಟಿ ಮುಗಿಯಿತು.

ದೇಶದ ಗ್ರಾಹಕ ಕಾನೂನು ಕೊಳ್ಳುವವರ ಪರವಾಗಿ ಗಟ್ಟಿಯಾಗಿ ನಿಂತಿದೆ. ಶುಲ್ಕವಿಲ್ಲದೆ, ವಕೀಲರಿಲ್ಲದೆ, ಕನ್ನಡದಲ್ಲೇ ದೂರು ಕೊಟ್ಟು ಹಣ ವಾಪಸ್ ಪಡೆಯುವ ದಾರಿ ಜಿಲ್ಲಾ ಕೇಂದ್ರದಲ್ಲೇ ಇದೆ. ಆದರೆ ಆ ದಾರಿಯಲ್ಲಿ ಹೆಜ್ಜೆ ಇಡಲು ಕೈಯಲ್ಲೊಂದು ಕಾಗದ ಬೇಕು. ಆ ಕಾಗದವನ್ನು ನಾವು ದಾಕ್ಷಿಣ್ಯಕ್ಕೆ ಬಿಟ್ಟುಕೊಡುತ್ತಿದ್ದೇವೆ. ಹಾಗೆ ಬಿಟ್ಟುಕೊಡದಿರಲು ಏನೇನು ತಿಳಿದಿರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಕಾಯ್ದೆ ಯಾವುದು, ಯಾರಿಗೆ ಅನ್ವಯ?

ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನೇ ಇಂದಿಗೂ ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುತ್ತೇವೆ. ಕರ್ನಾಟಕದಲ್ಲಿ ಈ ಅರಿವನ್ನು ಹಳ್ಳಿಗಳವರೆಗೆ ಒಯ್ದವರಲ್ಲಿ ಕುಂದಾಪುರ ಸಮೀಪದ ಬಸ್ರೂರಿನಲ್ಲಿ ಬಳಕೆದಾರರ ವೇದಿಕೆ ಕಟ್ಟಿದ ಡಾ. ರವೀಂದ್ರನಾಥ ಶಾನಭಾಗರ ಹೆಸರು ದೊಡ್ಡದು. ಈಗ ಜಾರಿಯಲ್ಲಿರುವುದು 2019ರ ಹೊಸ ಕಾಯ್ದೆ. ಇದರ ಬಹುಭಾಗ 2020ರ ಜುಲೈ 20ರಿಂದ ಜಾರಿಗೆ ಬಂತು. ಹಿಂದೆ 'ಗ್ರಾಹಕರ ವೇದಿಕೆ' ಎನ್ನುತ್ತಿದ್ದುದು ಈಗ 'ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ' ಆಗಿದೆ.

ಕಾಯ್ದೆ 6 ಹಕ್ಕುಗಳನ್ನು ಹೇಳುತ್ತದೆ: ಅಪಾಯಕಾರಿ ಸರಕು–ಸೇವೆಗಳಿಂದ ರಕ್ಷಣೆ, ಗುಣಮಟ್ಟ, ಪ್ರಮಾಣ, ಬೆಲೆಯ ಮಾಹಿತಿ, ಸ್ಪರ್ಧಾತ್ಮಕ ಬೆಲೆಯಲ್ಲಿ ಆಯ್ಕೆ, ನಮ್ಮ ಮಾತು ಕೇಳಿಸಿಕೊಳ್ಳುವ ವ್ಯವಸ್ಥೆ, ಅನ್ಯಾಯಕ್ಕೆ ಪರಿಹಾರ, ಗ್ರಾಹಕ ಶಿಕ್ಷಣ.

ಹಣ ಕೊಟ್ಟು ಅಥವಾ ಕೊಡುವ ಮಾತಿನ ಮೇಲೆ ಸ್ವಂತ ಬಳಕೆಗೆ ಸರಕು ಕೊಂಡವರು, ಸೇವೆ ಪಡೆದವರು ಎಲ್ಲರೂ ಗ್ರಾಹಕರೇ. ಕಂತಿನಲ್ಲಿ ಕೊಂಡರೂ ಸರಿ, ಆನ್‌ಲೈನಿನಲ್ಲಿ ತರಿಸಿದರೂ ಸರಿ. ಕೊಂಡವರ ಒಪ್ಪಿಗೆಯಿಂದ ಬಳಸುವ ಮನೆಯವರೂ ಇದರಲ್ಲಿ ಸೇರುತ್ತಾರೆ. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರಿಗೆ ಮಾತ್ರ ಈ ಬಾಗಿಲು ತೆರೆಯದು. ಅದಕ್ಕೂ ಒಂದು ವಿನಾಯಿತಿ ಉಂಟು. ಸ್ವಂತ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡ ಹೊಲಿಗೆ ಯಂತ್ರ, ಆಟೊ, ಅಡಿಕೆ ಸುಲಿಯುವ ಯಂತ್ರ ಕೈಕೊಟ್ಟರೆ ಕೊಂಡವರು ಗ್ರಾಹಕರೇ ಆಗುತ್ತಾರೆ. ಅದೇ ರೈತ ಅಡಿಕೆ ಮಾರಿ, ಕೊಂಡವನಿಂದ ಹಣ ಬರಲಿಲ್ಲ ಎಂದಾದರೆ ಆ ವ್ಯವಹಾರದಲ್ಲಿ ಆತ ಮಾರುವವನು. ಅದಕ್ಕೆ ಗ್ರಾಹಕ ಆಯೋಗ ಸರಿಯಾದ ಜಾಗವಲ್ಲ.

ಅಂಗಡಿ ಕಟ್ಟೆಯಲ್ಲಿ

ಬಿಲ್ ಕೊಡದಿರುವುದನ್ನು ಈ ಕಾಯ್ದೆ 'ಅನುಚಿತ ವ್ಯಾಪಾರ ಪದ್ಧತಿ' ಎಂದೇ ಪಟ್ಟಿ ಮಾಡಿದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ 200 ರೂ. ಮತ್ತು ಮೇಲ್ಪಟ್ಟ ಮಾರಾಟಕ್ಕೆ ಬಿಲ್ ಕೊಡಲೇಬೇಕು. ಅದಕ್ಕಿಂತ ಕಡಿಮೆಯಿದ್ದರೂ ಗ್ರಾಹಕ ಕೇಳಿದರೆ ಕೊಡಬೇಕು. 'ಬಿಲ್ ಹಾಕಿದರೆ ಟ್ಯಾಕ್ಸ್ ಸೇರುತ್ತೆ' ಎಂಬ ಮಾತು ಪ್ಯಾಕ್ ಆದ ಸರಕಿನ ಮಟ್ಟಿಗೆ ಸುಳ್ಳು. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಅದರ ಮೇಲೆ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಎಂಆರ್‌ಪಿ, ನಿವ್ವಳ ತೂಕ, ತಯಾರಾದ ತಿಂಗಳು–ವರ್ಷ, ತಯಾರಕರ ವಿಳಾಸ, ದೂರಿಗೆ ಸಂಪರ್ಕ ಇವೆಲ್ಲ ಪ್ಯಾಕೆಟ್ಟಿನ ಮೇಲೆ ಇರಬೇಕು. ಇಲ್ಲದಿದ್ದರೆ, ಅಥವಾ ಎಂಆರ್‌ಪಿ ಮೇಲೆ ಬೇರೆ ಬೆಲೆಯ ಚೀಟಿ ಅಂಟಿಸಿದ್ದರೆ, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

'ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ' ಎಂಬ ಫಲಕ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಕಾಣುತ್ತದೆ. ದೋಷವಿರುವ ಮಾಲಿಗೆ ಈ ಮಾತು ನಡೆಯದು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ದೋಷದ ಮಾಲನ್ನು ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಆದರೆ ಸೀರೆಯ ಬಣ್ಣ ಮನೆಗೆ ಬಂದ ಮೇಲೆ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಅದನ್ನು ಬದಲಿಸಿ ಕೊಡುವುದು ಅಂಗಡಿಯವರ ಸೌಜನ್ಯ.

ಕೈಚೀಲಕ್ಕೆ ಹಣ ಪಡೆಯುವ ದೊಡ್ಡ ಮಳಿಗೆಗಳ ವಿಚಾರದಲ್ಲಿ ರಾಷ್ಟ್ರೀಯ ಆಯೋಗ 2020ರ ಡಿಸೆಂಬರಿನಲ್ಲಿ ಮಹತ್ವದ ಆದೇಶ ನೀಡಿತು. ಮೊದಲೇ ಸ್ಪಷ್ಟವಾಗಿ ತಿಳಿಸದೆ, ಬಿಲ್ ಕೌಂಟರಿಗೆ ಬಂದ ಮೇಲೆ ಚೀಲದ ಬೆಲೆ ಸೇರಿಸುವುದು ಸರಿಯಲ್ಲ ಎಂದಿತು. ಹೋಟೆಲ್ ಬಿಲ್ಲಿನಲ್ಲಿ ತಾನಾಗಿ ಸೇರುವ 'ಸರ್ವಿಸ್ ಚಾರ್ಜ್' ಕೂಡ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಬಳೆಗೆ ಬಿಲ್ ಕೇಳುವ ಪ್ರಮೇಯವಿಲ್ಲ. ಆದರೆ ಜಾತ್ರೆ ಮುಗಿದ ಮೇಲೆ ಎಲ್ಲಿ ಸಿಗುತ್ತಾರೋ ತಿಳಿಯದವರ ಬಳಿ ಸಾವಿರಾರು ರೂಪಾಯಿಯ ವಿದ್ಯುತ್ ಉಪಕರಣ ಕೊಳ್ಳಬೇಡಿ. ವಿಳಾಸವಿಲ್ಲದ ಮಾರಾಟಗಾರರಿಗೆ ಯಾವ ಆಯೋಗದ ನೋಟಿಸೂ ಮುಟ್ಟುವುದಿಲ್ಲ.

ಗ್ಯಾಸ್, ಪೆಟ್ರೋಲ್, ಚಿನ್ನ

ಅಡುಗೆ ಅನಿಲದ ಸಿಲಿಂಡರ್ ಬಂದಾಗ ತೂಕ ಮಾಡಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಅದಕ್ಕೆ 14.2 ಕಿ.ಗ್ರಾಂ ಕೂಡಿಸಿದರೆ ತಕ್ಕಡಿ ತೋರಿಸಬೇಕಾದ ತೂಕ ಸಿಗುತ್ತದೆ. ಸೀಲ್ ನೋಡಿ, ತೂಕ ನೋಡಿ, ಆಮೇಲೆ ಸಹಿ ಹಾಕಿ. ಪೆಟ್ರೋಲ್ ಬಂಕಿನಲ್ಲಿ ಅಳತೆ ಬಗ್ಗೆ ಅನುಮಾನ ಬಂದರೆ, ಮುದ್ರೆ ಹಾಕಿಸಿದ 5 ಲೀಟರ್ ಅಳತೆಪಾತ್ರೆಯಲ್ಲಿ ಹಾಕಿ ತೋರಿಸಲು ಕೇಳಬಹುದು.

ಹಾಲ್‌ಮಾರ್ಕ್ ಇರುವ ಚಿನ್ನದ ಒಡವೆಯ ಮೇಲೆ 3 ಗುರುತು ಕಾಣಬೇಕು: ಬಿಐಎಸ್ ಚಿಹ್ನೆ, ಶುದ್ಧತೆಯ ಸಂಖ್ಯೆ (22 ಕ್ಯಾರೆಟ್ಟಿಗೆ 916), ಮತ್ತು ಅಕ್ಷರ–ಅಂಕಿ ಬೆರೆತ 6 ಸ್ಥಾನಗಳ ಎಚ್‌ಯುಐಡಿ. ಆ ಎಚ್‌ಯುಐಡಿಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ವಿವರ ಬರುತ್ತದೆ. ಅಂಗಡಿಯಲ್ಲಿ ಕೂತೇ ನೋಡಿಬಿಡಿ. ಬಿಲ್ಲಿನಲ್ಲಿ ತೂಕ, ಕ್ಯಾರೆಟ್, ಮಜೂರಿ, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಮುಂದೆ ಪರೀಕ್ಷೆಯಲ್ಲಿ ಶುದ್ಧತೆ ಕಡಿಮೆ ಬಂದರೆ, ಕೊರತೆ ಬಿದ್ದ ಮೊತ್ತದ 2 ಪಟ್ಟು ಮತ್ತು ಪರೀಕ್ಷಾ ವೆಚ್ಚ ಕೇಳಲು ಬಿಐಎಸ್ ನಿಯಮಗಳಲ್ಲಿ ಅವಕಾಶವಿದೆ.

ರೈತರೂ ಗ್ರಾಹಕರೇ

ಭತ್ತ, ಮೆಕ್ಕೆಜೋಳ ಬೆಳೆಯುವ ನಮ್ಮ ತಾಲೂಕುಗಳ ರೈತರು 2012ರ ಒಂದು ತೀರ್ಪನ್ನು ನೆನಪಿಡಬೇಕು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಮಧುಸೂದನ ರೆಡ್ಡಿ ನಡುವಿನ ಪ್ರಕರಣದಲ್ಲಿ, ಕಳಪೆ ಬೀಜದಿಂದ ಬೆಳೆ ಕಳೆದುಕೊಂಡ ರೈತರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಬೀಜ ಕಾಯ್ದೆ ಬೇರೆ ಇದೆ ಎಂಬ ಕಾರಣಕ್ಕೆ ಅವರಿಗೆ ಗ್ರಾಹಕ ಕಾನೂನಿನ ಬಾಗಿಲು ಮುಚ್ಚುವುದಿಲ್ಲ. ಬಿತ್ತಿ ಮುಗಿದ ಬೀಜವನ್ನು ರೈತ ಪರೀಕ್ಷೆಗೆ ತಂದುಕೊಡಲಿ ಎಂಬ ವಾದವನ್ನೂ ನ್ಯಾಯಾಲಯ ಒಪ್ಪಲಿಲ್ಲ. ಅದೇ ಲಾಟಿನ ಬೀಜವನ್ನು ಕಂಪನಿಯೇ ಪರೀಕ್ಷೆಗೆ ಕಳಿಸಬಹುದಿತ್ತು ಎಂದಿತು.

ಬೀಜ, ಗೊಬ್ಬರ, ಕೀಟನಾಶಕ ಕೊಂಡಾಗ ಲಾಟ್ ಸಂಖ್ಯೆ ಬರೆದ ಬಿಲ್ ಪಡೆಯಿರಿ. ಖಾಲಿ ಚೀಲ ಮತ್ತು ಟ್ಯಾಗನ್ನು ಬೆಳೆ ಕೈಗೆ ಬರುವವರೆಗೆ ಎಸೆಯಬೇಡಿ. ಒಂದು ಹಿಡಿ ಬೀಜ ಉಳಿಸಿಕೊಳ್ಳಿ. ಮೊಳಕೆ ಬರಲಿಲ್ಲ, ತೆನೆ ಕಟ್ಟಲಿಲ್ಲ ಎಂದು ಕಂಡ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ, ಕೃಷಿ ಅಧಿಕಾರಿಗಳು ಹೊಲಕ್ಕೆ ಬಂದು ನೋಡುವಂತೆ ಕೇಳಿ, ಅವರ ವರದಿಯ ಪ್ರತಿ ಪಡೆಯಿರಿ. ಹೊಲ ಉತ್ತ ಮೇಲೆ ಸಾಕ್ಷ್ಯ ಉಳಿಯದು.

ಸೈಟು, ಆಸ್ಪತ್ರೆ, ಕರೆಂಟು

ಸೇವೆಯಲ್ಲಿ ಕೊರತೆಯಾದರೆ ಅದು 'ಸೇವಾ ನ್ಯೂನತೆ'. ನಿವೇಶನ, ಮನೆ ಕೊಡುವ ಸರ್ಕಾರಿ ಪ್ರಾಧಿಕಾರಗಳೂ ಇದಕ್ಕೆ ಹೊರತಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. 2020ರಲ್ಲಿ ಬೆಂಗಳೂರಿನ ಬೇಗೂರಿನ ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ನೂರಾರು ಖರೀದಿದಾರರು ವರ್ಷಗಟ್ಟಲೆ ತಡವಾಗಿ ಮನೆ ಪಡೆದ ಪ್ರಕರಣದಲ್ಲಿ, ಕರಾರಿನಲ್ಲಿದ್ದ ಅಲ್ಪ ಪರಿಹಾರಕ್ಕೆ ಬಿಲ್ಡರ್ ಅಂಟಿಕೊಳ್ಳುವಂತಿಲ್ಲ ಎಂದು ಅದೇ ನ್ಯಾಯಾಲಯ ವರ್ಷಕ್ಕೆ ಶೇ 6ರ ಬಡ್ಡಿ ಕೊಡಿಸಿತು. ನಮ್ಮ ಎರಡು ಊರುಗಳ ನಡುವೆ ಲೇಔಟುಗಳು ಬೆಳೆಯುತ್ತಲೇ ಇವೆ. ಮುಂಗಡ ಕೊಡುವ ಮೊದಲು ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಸೂಡಾದ ಅನುಮೋದನೆ ಮತ್ತು ರೇರಾ ನೋಂದಣಿ ನೋಡಿ. ಬಣ್ಣದ ಕರಪತ್ರವನ್ನೂ ಜೋಪಾನ ಮಾಡಿ. ಅದರಲ್ಲಿ ಬರೆದ ಪಾರ್ಕು, ರಸ್ತೆ, ನೀರಿನ ಭರವಸೆಗಳು ನಾಳೆ ಸಾಕ್ಷ್ಯವಾಗುತ್ತವೆ.

ಹಣ ಪಡೆದು ಚಿಕಿತ್ಸೆ ಕೊಡುವ ವೈದ್ಯರು, ಆಸ್ಪತ್ರೆಗಳು ಗ್ರಾಹಕ ಕಾನೂನಿನಡಿ ಬರುತ್ತಾರೆ ಎಂದು 1995ರಲ್ಲಿ ತೀರ್ಮಾನವಾಗಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ಸೇವೆ ಬರುವುದಿಲ್ಲ. ಚಿಕಿತ್ಸೆ ಫಲಿಸಲಿಲ್ಲ ಎಂದಷ್ಟಕ್ಕೇ ನಿರ್ಲಕ್ಷ್ಯ ಸಾಬೀತಾಗದು, ಬೇರೆ ತಜ್ಞರ ಅಭಿಪ್ರಾಯ ಬಹುಪಾಲು ಬೇಕಾಗುತ್ತದೆ. ವಕೀಲರ ವೃತ್ತಿಸೇವೆ ಈ ಕಾಯ್ದೆಯಡಿ ಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ.

ವಿದ್ಯುತ್ ಪೂರೈಕೆಯೂ ಸೇವೆಯೇ. ಬೆಳಗಾವಿಯ ಅಶೋಕ್ ಐರನ್ ವರ್ಕ್ಸ್ ಮತ್ತು ಕೆಪಿಟಿಸಿಎಲ್ ನಡುವಿನ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. ಮನೆಯ ಕರೆಂಟಿನ ತೊಂದರೆಗೆ ಮೊದಲು ಮೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿದ್ಯುತ್ ಕಳವು, ಅನಧಿಕೃತ ಬಳಕೆ ಎಂದು ಇಲಾಖೆ ಹಾಕಿದ ದಂಡದ ತಕರಾರು ಮಾತ್ರ ಗ್ರಾಹಕ ಆಯೋಗದಲ್ಲಿ ನಡೆಯದು.

ಆನ್‌ಲೈನ್ ಖರೀದಿ

ಪೇಪರ್ ಟೌನಿನ ಮನೆಗೆ ಕೊರಿಯರಿನಲ್ಲಿ ಬಂದ ಮೊಬೈಲ್ ಹಾಳಾಗಿದೆ, ಮಾರಿದ ಕಂಪನಿ ದೂರದ ಗುರುಗ್ರಾಮದಲ್ಲಿದೆ ಎಂದುಕೊಳ್ಳಿ. ಹಳೆಯ ಕಾಯ್ದೆಯಲ್ಲಿ ಎಲ್ಲಿ ದೂರು ಕೊಡಬೇಕೆಂಬುದೇ ತಲೆನೋವಾಗಿತ್ತು. 2019ರ ಕಾಯ್ದೆ ಅದನ್ನು ನೀಗಿಸಿದೆ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅಂದರೆ ಕಂಪನಿಯೇ ಶಿವಮೊಗ್ಗಕ್ಕೆ ಬಂದು ಉತ್ತರ ಕೊಡಬೇಕು. ಹೊಸ ಕಾಯ್ದೆಯಲ್ಲಿ ನಮ್ಮಂಥ ಊರಿನವರಿಗೆ ಸಿಕ್ಕ ಅತಿ ದೊಡ್ಡ ಅನುಕೂಲ ಇದೇ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರುಕಟ್ಟೆಗೂ ಕುಂದುಕೊರತೆ ಅಧಿಕಾರಿ ಇರಬೇಕು. ಆತ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ, 1 ತಿಂಗಳೊಳಗೆ ಪರಿಹರಿಸಬೇಕು. ಬೆಲೆಬಾಳುವ ವಸ್ತುವಿನ ಪೊಟ್ಟಣ ಬಿಚ್ಚುವಾಗ ವಿಳಾಸದ ಚೀಟಿಯಿಂದ ಶುರುಮಾಡಿ ವಿಡಿಯೊ ಮಾಡಿಕೊಳ್ಳಿ. ಹಣವೇ ವಂಚಕರ ಪಾಲಾದರೆ ಗ್ರಾಹಕ ಆಯೋಗದ ದಾರಿ ಕಾಯದೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ.

ತೊಂದರೆ ಬಂದಾಗ ಮೊದಲ ಮೆಟ್ಟಿಲು

ಮಾತಿನ ಜಗಳಕ್ಕೆ ಇಳಿಯಬೇಡಿ, ಪತ್ರ ಬರೆಯಿರಿ. ಕಾನೂನಿನಲ್ಲಿ ನೋಟಿಸ್ ಕಡ್ಡಾಯವಿಲ್ಲ. ಆದರೂ ಎಷ್ಟೋ ತಕರಾರು ಪತ್ರದಲ್ಲೇ ಮುಗಿಯುತ್ತವೆ. ವಕೀಲರ ಭಾಷೆ ಬೇಕಿಲ್ಲ, ಹೀಗಿದ್ದರೆ ಸಾಕು:

"ಮಾನ್ಯರೇ, ದಿನಾಂಕ … ರಂದು ಬಿಲ್ ಸಂಖ್ಯೆ … ರ ಪ್ರಕಾರ 18,500 ರೂ. ಪಾವತಿಸಿ ತಮ್ಮ ಅಂಗಡಿಯಲ್ಲಿ ಫ್ರಿಜ್ ಕೊಂಡಿದ್ದೇನೆ. ತಂದ ಎರಡನೇ ವಾರದಿಂದ ಅದು ತಂಪು ಹಿಡಿಯುತ್ತಿಲ್ಲ. ದಿನಾಂಕ … ಮತ್ತು … ರಂದು ಸರ್ವಿಸ್‌ನವರು ಬಂದು ನೋಡಿದರೂ ಸರಿಯಾಗಿಲ್ಲ. ಅವರ ಜಾಬ್ ಶೀಟ್ ಪ್ರತಿ ಲಗತ್ತಿಸಿದೆ. ಈ ಪತ್ರ ತಲುಪಿದ 15 ದಿನದೊಳಗೆ ಫ್ರಿಜ್ ಬದಲಿಸಿಕೊಡಬೇಕು ಅಥವಾ ಪೂರ್ತಿ ಹಣ ಹಿಂದಿರುಗಿಸಬೇಕು. ಇಲ್ಲವಾದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ."

ಅಂಗಡಿಗೆ ಒಂದು, ಕಂಪನಿಗೆ ಒಂದು ಸ್ಪೀಡ್ ಪೋಸ್ಟ್ ಮಾಡಿ, ಅಂಚೆಯ ರಸೀದಿಯನ್ನು ಬಿಲ್ಲಿನ ಜತೆ ಇಡಿ. ಇ-ಮೇಲ್, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ.

ಇದರ ಜತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡಬಹುದು, ಕರೆಗೆ ಹಣವಿಲ್ಲ. ಅವರು ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳ ವಿರುದ್ಧದ ದೂರುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದಿರುವುದು ಆಯೋಗಕ್ಕೆ. ಬ್ಯಾಂಕಿನ ವಿರುದ್ಧ ದೂರಿದ್ದರೆ ಮೊದಲು ಬ್ಯಾಂಕಿಗೆ ಬರೆದುಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ಆಯೋಗದಲ್ಲಿ ದೂರು

ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಒಪ್ಪಿಸಬೇಕಾಗುತ್ತದೆ. ಯಾವ ಆಯೋಗ ಎಂಬುದನ್ನು ನಿರ್ಧರಿಸುವುದು ನೀವು ಕೊಟ್ಟ ಬೆಲೆ. ಕೇಳುವ ಪರಿಹಾರ ಅದಕ್ಕೆ ಲೆಕ್ಕವಿಲ್ಲ. 2021ರ ಡಿಸೆಂಬರಿನ ನಿಯಮದಂತೆ 50 ಲಕ್ಷ ರೂ.ವರೆಗಿನ ವ್ಯವಹಾರ ಜಿಲ್ಲಾ ಆಯೋಗಕ್ಕೆ, ಅದರ ಮೇಲೆ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ, ಅದಕ್ಕೂ ಮೇಲಿನದು ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗುತ್ತದೆ. ನಮ್ಮ 7 ತಾಲೂಕುಗಳ ಬಹುತೇಕ ಎಲ್ಲ ತಕರಾರುಗಳೂ ಶಿವಮೊಗ್ಗದಲ್ಲೇ ನಡೆಯುತ್ತವೆ.

ಶುಲ್ಕ ಹೀಗಿದೆ: ಕೊಟ್ಟ ಬೆಲೆ 5 ಲಕ್ಷ ರೂ.ವರೆಗೆ ಇದ್ದರೆ ಏನೂ ಇಲ್ಲ. 10 ಲಕ್ಷದವರೆಗೆ 200 ರೂ.; 20 ಲಕ್ಷದವರೆಗೆ 400 ರೂ.; 50 ಲಕ್ಷದವರೆಗೆ 1,000 ರೂ. ಮಿಕ್ಸಿ, ಮೊಬೈಲ್, ಬೈಕು, ಬೀಜದ ಚೀಲ ಎಲ್ಲವೂ ಶುಲ್ಕವಿಲ್ಲದ ಸಾಲಿಗೇ ಸೇರಿದವು.

ದೂರಿನಲ್ಲಿ ನಿಮ್ಮ ಹೆಸರು–ವಿಳಾಸ, ಎದುರುದಾರರ ಹೆಸರು–ವಿಳಾಸ, ನಡೆದ ಸಂಗತಿ ದಿನಾಂಕದ ಕ್ರಮದಲ್ಲಿ, ಏನು ದೋಷ, ಏನು ಪರಿಹಾರ ಬೇಕು ಇವಿಷ್ಟು ಬೇಕು. ಅಂಗಡಿಯವರನ್ನೂ ತಯಾರಕರನ್ನೂ ಎದುರುದಾರರನ್ನಾಗಿ ಸೇರಿಸಿ, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಹೊರೆ ಹಾಕುತ್ತಾರೆ. ದಾಖಲೆಗಳಿಗೆ ಪುಟಸಂಖ್ಯೆ ಹಾಕಿ ಪಟ್ಟಿ ಮಾಡಿ, ಜತೆಗೆ ಪ್ರಮಾಣಪತ್ರ ಇಡಿ. ಆಯೋಗದ ಕಚೇರಿಗೆ ಹೋಗಿ ಕೊಡಬಹುದು, ಅಥವಾ 2025ರ ಜನವರಿಯಲ್ಲಿ ಬಂದ ಇ-ಜಾಗೃತಿ ಜಾಲತಾಣದಲ್ಲಿ ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೂ ಕೋರಿಕೆ ಸಲ್ಲಿಸಬಹುದು. ವಕೀಲರು ಬೇಕೆನಿಸಿ, ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೂ, ಪರಿಶಿಷ್ಟ ಜಾತಿ–ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ದೂರು ಸ್ವೀಕಾರಾರ್ಹವೇ ಎಂಬುದು ಸಾಮಾನ್ಯವಾಗಿ 21 ದಿನದಲ್ಲಿ ನಿರ್ಧಾರವಾಗಬೇಕು. ನೋಟಿಸ್ ತಲುಪಿದ ಎದುರುದಾರರು 30 ದಿನದಲ್ಲಿ, ಹೆಚ್ಚೆಂದರೆ ಇನ್ನು 15 ದಿನದಲ್ಲಿ ಉತ್ತರ ಕೊಡಬೇಕು. ಅದಕ್ಕಿಂತ ಒಂದು ದಿನವೂ ಹೆಚ್ಚಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಯಲ್ಲಿ ಮುಗಿಸಬಹುದು. ಇಲ್ಲದಿದ್ದರೆ 3 ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ. ನಡೆಯುವಾಗ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು, ತಾಳ್ಮೆ ಇರಲಿ. ವಿಚಾರಣೆಯ ದಿನ ಮಾತ್ರ ತಪ್ಪಿಸಬೇಡಿ. ದೂರುದಾರರೇ ಬಾರದಿದ್ದರೆ ದೂರು ವಜಾ ಆಗಬಹುದು.

ಆದೇಶ ಬಂದ ಮೇಲೆ

ದೋಷ ಸರಿಪಡಿಸುವುದು, ವಸ್ತು ಬದಲಿಸುವುದು, ಬಡ್ಡಿ ಸಮೇತ ಹಣ ಮರಳಿಸುವುದು, ಮಾನಸಿಕ ಯಾತನೆಗೆ ಪರಿಹಾರ, ದಾವೆಯ ಖರ್ಚು ಇವುಗಳನ್ನು ಆಯೋಗ ಕೊಡಿಸಬಹುದು. ಒಪ್ಪದವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕಾದವರು ಮೇಲ್ಮನವಿ ಹಾಕುವಾಗ ಅರ್ಧ ಮೊತ್ತ ಠೇವಣಿ ಇಡಲೇಬೇಕು. ಆದೇಶವಾದರೂ ಕೊಡದೆ ಕೂತರೆ ಅಮಲ್ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಸೆರೆ, ಅಥವಾ 25,000 ರೂ.ನಿಂದ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ಆಗಬಹುದು.

ಒಂದೇ ಲೇಔಟಿನ ಹತ್ತಾರು ಜನ, ಒಂದೇ ಬೀಜ ಕೊಂಡ ಊರಿನ ರೈತರು ಆಯೋಗದ ಅನುಮತಿ ಪಡೆದು ಒಟ್ಟಾಗಿ ಒಂದೇ ದೂರು ಕೊಡಲು ಅವಕಾಶವಿದೆ. ಸ್ತ್ರೀಶಕ್ತಿ ಸಂಘಗಳು, ರೈತ ಸಂಘಟನೆಗಳು, ಬಡಾವಣೆಯ ನಿವಾಸಿಗಳ ಸಂಘಗಳು ಇದನ್ನು ತಿಳಿದುಕೊಂಡರೆ ಎಷ್ಟು ಮನೆಗಳ ದುಡ್ಡು ಉಳಿದೀತು!

ಮನೆಯಲ್ಲೊಂದು ಫೈಲ್ ಮಾಡಿ. ಬಿಲ್, ವಾರಂಟಿ ಕಾರ್ಡ್, ಸರ್ವಿಸ್ ಚೀಟಿ ಎಲ್ಲ ಅದರಲ್ಲಿರಲಿ. ಈಗಿನ ಬಹುಪಾಲು ಬಿಲ್ಲುಗಳು ಶಾಖದಿಂದ ಅಚ್ಚಾಗುವ ಕಾಗದದವು. ಕೆಲ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಚೀಟಿಯಷ್ಟೇ ಉಳಿಯುತ್ತದೆ. ಕೊಂಡ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಜೆರಾಕ್ಸ್ ಮಾಡಿಸಿಡಿ. ಬಿಲ್ ಕೇಳಿದರೆ ಪರಿಚಯ ಕೆಡುತ್ತದೆ ಎಂಬ ಅಂಜಿಕೆ ಬಿಡಿ. ನೇರವಾಗಿ ವ್ಯಾಪಾರ ಮಾಡುವವರು ಬಿಲ್ ಕೊಡಲು ಹಿಂಜರಿಯುವುದಿಲ್ಲ, ಅಂಥವರು ನಮ್ಮ ಬಜಾರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲರೂ ಬಿಲ್ ಕೇಳುವ ಊರಿನಲ್ಲಿ ಆ ಪ್ರಾಮಾಣಿಕ ವ್ಯಾಪಾರಿಗಳಿಗೂ ನ್ಯಾಯ ಸಿಗುತ್ತದೆ. ಯಾಕೆಂದರೆ ಬಿಲ್ಲಿಲ್ಲದ ಅಗ್ಗದ ಮಾಲಿನೆದುರು ಇವತ್ತು ಸೋಲುತ್ತಿರುವವರು ಅವರೇ.